ಬೂದಿಗಿಂತ ಒಂದು ಉಸಿರು ಮೊದಲು

ಡ್ರಮ್ಮಿಗೆ ಮೇಲಿಂದ ಕಿಡಿ ಹಚ್ಚಬೇಕು, ಕೆಳಗಿಂದಲ್ಲ.
ಇಷ್ಟು ಕಲಿಯಲು ನನಗೆ ಎರಡು ಸುಗ್ಗಿ ಹಿಡಿಯಿತು.
ಬಗ್ಗಿ ಒಲೆಯೂದಿದ ಬಾಯಿ ಇದು;
ತಲೆಯಿಂದ ಉರಿದು ಕಾಲಿಗಿಳಿಯುವ ಬೆಂಕಿಯನ್ನು
ಕಬ್ವೆಯಲ್ಲಿ ಯಾರ ಅಮ್ಮ ಹೇಳಿಕೊಟ್ಟಿದ್ದಳು?

ಕಾಳು ಬಿಡಿಸಿಕೊಂಡು ಬೆಂಡು ಬಿಸಾಡುತ್ತಿದ್ದೆವು.
ಕೋಳಿ ಕೆದಕಿ ಬೇಡವೆಂದದ್ದು, ಮೇಕೆ ಮೂಸಿ ಬಿಟ್ಟದ್ದು,
ಮಕ್ಕಳು ಚಿಂದಿ ಸುತ್ತಿ ಬೊಂಬೆ ಮಾಡಿ
ಸಂಜೆಗೆ ಮರೆತದ್ದು.
ಈಗ ಅದನ್ನೇ ಸೈಕಲ್ಲಿನ ಬೆನ್ನಿಗೆ ಮೂಟೆ ಕಟ್ಟಿ ತರುತ್ತೇನೆ.
ಲುಕಾಂಗಾ ಜೌಗಿನ ಕಡೆಯ ಹೊಲದವರು ನಗುತ್ತಾರೆ:
“ಬನಾ ಕಸೂಬಾ, ಕಾಳು ನಮಗೆ ಬಿಟ್ಟು ಬೆಂಡಿಗೆ ಬಂದೆಯಾ?”
ಬಂದೆ.

ನಮ್ಮ ಅಂಗಳದ ಮಣ್ಣು ನೋಡಲು ಚೆಂದ.
ಕೆಂಪಗೆ, ನುಣ್ಣಗೆ, ಗುಡಿಸಿದರೆ ಪೊರಕೆಯ ಗೆರೆ ಮೂಡುವಂಥದ್ದು.
ವಾಸನೆಯಿಲ್ಲ, ಕಹಿಯಿಲ್ಲ.
ನನ್ನ ಮಗ ನೆಕ್ಕಿದ, ಎಲ್ಲ ಮಕ್ಕಳೂ ನೆಕ್ಕುವ ಹಾಗೆ.
ಮುಚ್ಚಿದ ಗಣಿಯ ಕಪ್ಪು ಗುಡ್ಡದಿಂದ ಆಗಸ್ಟಿನ ಗಾಳಿ
ತಟ್ಟೆಗೆ, ಚಾಪೆಗೆ, ಒಣಹಾಕಿದ ಚಿತೇಂಗೆ ಬಟ್ಟೆಗೆ
ಹಿಟ್ಟು ಜರಡಿ ಹಿಡಿದಂತೆ ಉದುರಿಸಿ ಹೋಗುತ್ತದೆ.
ಕ್ಲಿನಿಕ್ಕಿನಲ್ಲಿ ನರ್ಸ್ ಲುಶೋಮೋ ಬೆರಳು ಚುಚ್ಚಿ
ಚೀಟಿಯಲ್ಲಿ ಒಂದು ಅಂಕಿ ಬರೆದಳು.
“ಹೆಚ್ಚಾ?” ಅಂದೆ.
ಪೆನ್ನಿಗೆ ಮುಚ್ಚಳ ಹಾಕಲು ಅವಳಿಗೆ ಬಹಳ ಹೊತ್ತು ಬೇಕಾಯಿತು.

ಕಸೂಬಾ ಅಂದರೆ ನಮ್ಮ ಮಾತಲ್ಲಿ ಸೂರ್ಯ.
ಹನ್ನೊಂದಾದ ಮೇಲೆ ಯಾವ ಅಂಕಿಯೆಂದು
ಸೂರ್ಯನಿಗೆ ನೆನಪಿರುವುದಿಲ್ಲ.

ಬೇಸಾಯದ ಕಚೇರಿಯ ನಮೂಕೋಲೋ ಬಂದದ್ದು ಆಮೇಲೆ,
ಬೂಟಿಗೆ ಕೆಸರು ಮೆತ್ತಿಕೊಂಡು, ಟೊಪ್ಪಿಗೆ ಮರೆತು.
ಅಂಗೈ ಬಿಚ್ಚಿ ಕಪ್ಪು ಚೂರು ತೋರಿಸಿದಳು:
ಇದರೊಳಗೆ ಕೋಣೆ, ಕೋಣೆಯೊಳಗೆ ಕೋಣೆ,
ಒಳಹೊಕ್ಕ ಸೀಸ
ಬೇರು ಕರೆದರೆ ಓಗೊಡುವುದಿಲ್ಲವಂತೆ.
“ಹಾಗಾದರೆ ವಿಷ ಹೋಗುತ್ತದಾ?”
“ಹೋಗಲ್ಲ,” ಅಂದಳು. “ಅಲ್ಲೇ ಇರುತ್ತೆ. ಕೈಕಟ್ಟಿಕೊಂಡು.”
ಹೋಗಲ್ಲ ಅಂದಳಲ್ಲ,
ಅದಕ್ಕೇ ಅವಳನ್ನು ನಂಬಿದೆ.

ಇದ್ದಿಲು ತೊಳೆದರೆ ಬಿಳಿದಾದೀತೇ ಅನ್ನುತ್ತಾರೆ.
ತೊಳೆಯಲು ಹೊರಟದ್ದು ಇದ್ದಿಲೇ ಆದರೆ?
ಅದಕ್ಕಿನ್ನೂ ಗಾದೆ ಹುಟ್ಟಿಲ್ಲ.

ನಿಗಾ ಇರಬೇಕಾದದ್ದು ಕೊನೆಯ ಗಳಿಗೆಯಲ್ಲಿ.
ಹೊಗೆ ತೆಳುವಾಗಿ, ಜ್ವಾಲೆ ಮೋಟಾಗಿ,
ಬೆಂಡುಗಳು ಆಕಾರ ಬಿಡದೆ ಕೆಂಡವಾಗಿ ಕೂತಿರುತ್ತವೆ,
ಒಂದೊಂದು ಗೂಡೂ ಎಣಿಸಬಹುದು, ಕಾಳಿದ್ದ ಜಾಗ.
ಅಂಚಿನಲ್ಲಿ ಬಿಳಿ ಹೊಪ್ಪಳೆ ಏಳಬೇಕು ಅನ್ನುವಷ್ಟರಲ್ಲಿ
ಸುರಿಯಬೇಕು ನೀರು, ಎರಡು ಬಕೆಟ್ಟೂ ಒಟ್ಟಿಗೆ.
ಆತುರಪಟ್ಟರೆ ಹಸಿ, ಮೈಮರೆತರೆ ಬೂದಿ.
ಪಕ್ಕದ ಮನೆಯವಳು ಗಂಡನ ದೂರು ಹೇಳುತ್ತ ನಿಂತಳೆಂದು
ಒಂದು ಡ್ರಮ್ಮು ಪೂರ್ತಿ ಕಳೆದುಕೊಂಡಿದ್ದೇನೆ.

ಆರಿದ್ದನ್ನು ಕುಟ್ಟಿ, ಕೋಳಿಗೊಬ್ಬರದ ಜೊತೆ ಮೂರು ವಾರ ನೆನೆಹಾಕಿ
ಸೊಪ್ಪಿನ ಪಾತಿಗೆ ಬೆರೆಸುತ್ತೇನೆ.
ಒಂದಿಷ್ಟನ್ನು ಮರಳಿನ ಮೇಲೆ ಹಾಸಿ ತೂತಿನ ಬಕೆಟ್ಟಿಗೆ,
ಬಾವಿನೀರು ಅದರೊಳಗೆ ಯೋಚಿಸಿ ಯೋಚಿಸಿ ಇಳಿಯುತ್ತದೆ.
ಆ ನೀರು ಪಾತಿಗೆ ಮಾತ್ರ. ಕುಡಿಯಲು ಇನ್ನೂ ನಲ್ಲಿಯ ಸಾಲು.

ನನ್ನ ಅಜ್ಜ, ನಮ್ಮ ಶಿಕುಲು, ಮೂವತ್ತು ವರ್ಷ
ಹಣೆಗೆ ದೀಪ ಕಟ್ಟಿಕೊಂಡು ಕೆಳಗಿಳಿದು
ಸೀಸವನ್ನು ಬೆಳಕಿಗೆ ತಂದ. ಸಂಬಳ ತಂದ, ರೇಡಿಯೋ ತಂದ,
ಕೆಮ್ಮು ತಂದ.
ಅವನು ಮೇಲೆತ್ತಿದ್ದನ್ನು ನಾನು
ಮೊರದಷ್ಟು ಮೊರದಷ್ಟು ಕಟ್ಟಿಹಾಕುತ್ತಿದ್ದೇನೆ.
ಲೆಕ್ಕ ಹಾಕಿದರೆ ನಗು ಬರುತ್ತದೆ. ಹಾಕುವುದಿಲ್ಲ.

ಲೆಕ್ಕ ಹಾಕುವವನು ಕಸೂಬಾ. ಇವತ್ತು ಬುಟ್ಟಿ ಎಣಿಸುತ್ತ
ಹತ್ತು, ಹನ್ನೊಂದು ಅಂದು ನಿಂತ. ನನ್ನ ಮುಖ ನೋಡಿದ.
“ಹದಿನಾಲ್ಕು,” ಅಂದ, ಧೈರ್ಯವಾಗಿ.
ನಾನು ತಿದ್ದಲಿಲ್ಲ. ಬುಟ್ಟಿ ಎತ್ತಿಕೊಂಡೆ.

ಊಟಕ್ಕೆ ಮೊದಲು ಅವನ ಕೈ ಮೂರು ಸಲ ತೊಳೆಸುತ್ತೇನೆ,
ಉಗುರಿನ ಸಂದಿಯನ್ನೂ ಬಿಡದೆ.
ಬೋಗುಣಿಯಲ್ಲಿ ನಿಂತ ಕಪ್ಪು ನೀರನ್ನು
ಅಂಗಳಕ್ಕೇ ಚೆಲ್ಲುತ್ತೇನೆ.
ಅಲ್ಲೂ ಅದಕ್ಕೆ ಕೆಲಸವಿದೆ.